ಪೆಲೊಪೊನೀಸಿಯನ್ ಯುದ್ಧವನ್ನು ಮೂಲ ಬರಹದಿಂದಲೇ ಓದುವುದು ಹೇಗೆ? ಹಂತ ಹಂತದ ಮಾರ್ಗದರ್ಶಿ

ಪ್ರಾಚೀನ ಗ್ರೀಸಿನ ಅಥೆನ್ಸ್ ಮತ್ತು ಸ್ಪಾರ್ಟಾ ನಗರರಾಜ್ಯಗಳ ನಡುವೆ ಕ್ರಿ.ಪೂ. 431ರಿಂದ 404ರವರೆಗೆ, ಒಟ್ಟು 27 ವರ್ಷ ನಡೆದ ಯುದ್ಧದ ಬಗ್ಗೆ ಓದುಗರಿಂದ ಎರಡು ಪ್ರಶ್ನೆಗಳು ಮತ್ತೆ ಮತ್ತೆ ಬರುತ್ತವೆ. ಓದಲು ಎಲ್ಲಿಂದ ಆರಂಭಿಸಬೇಕು ಎಂಬುದು ಒಂದು. ಆರಂಭಿಸಿ ಐವತ್ತು ಪುಟ ದಾಟುವುದರೊಳಗೆ ಊರು ಮತ್ತು ವ್ಯಕ್ತಿಗಳ ಹೆಸರುಗಳಲ್ಲಿ ದಾರಿ ತಪ್ಪಿತು, ಮುಂದೇನು ಮಾಡಬೇಕು ಎಂಬುದು ಇನ್ನೊಂದು. ಈ ಎರಡನ್ನೂ ಕೇಳುವವರಿಗಾಗಿ ಈ ಲೇಖನವನ್ನು ಬರೆದಿದ್ದೇನೆ.

ಆರಂಭಕ್ಕೆ ಮೊದಲು ಒಂದು ಮಾತನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಿ. ಇದನ್ನು ಕದನಗಳ ಸರಮಾಲೆಯೆಂದು ಓದಿದರೆ ಬೇಗ ಬೇಸರವಾಗುತ್ತದೆ. ಈ ಯುದ್ಧದ ದಿಕ್ಕನ್ನು ಬದಲಿಸಿದ ಘಟನೆಗಳಲ್ಲಿ ಹೆಚ್ಚಿನವು ರಣರಂಗದಲ್ಲಲ್ಲ, ಸಭೆಗಳಲ್ಲಿ ನಡೆದವು. ಎದುರಿಗೆ ನಿಂತವರ ಮಾತು ಕೇಳಿ, ಕೈಯೆತ್ತಿ ಮತ ಹಾಕಿ, ಮನೆಗೆ ಹೋದ ನಾಗರಿಕರೇ ಊರುಗಳ ಹಣೆಬರಹ ಬರೆದರು. ಆದ್ದರಿಂದ ಯಾರು ಗೆದ್ದರು ಎಂದು ಹುಡುಕುವ ಬದಲು ಯಾರು ಏನನ್ನು ತೀರ್ಮಾನಿಸಿದರು, ಬೇರೆ ದಾರಿ ಇತ್ತೇ, ಅದನ್ನು ಏಕೆ ಬಿಟ್ಟರು ಎಂದು ಪ್ರತಿ ಹೆಜ್ಜೆಯಲ್ಲೂ ಕೇಳುತ್ತಾ ಓದಬೇಕು. ಕೆಳಗಿನ ಹಂತಗಳೆಲ್ಲ ಆ ಪ್ರಶ್ನೆಯನ್ನು ಬಿಡದೆ ಕೇಳಲು ಅನುಕೂಲವಾಗುವಂತೆ ಹೊಂದಿಸಿದವು.

ಬೇಕಾಗುವ ಸಾಮಗ್ರಿ

ಈ ಯುದ್ಧದ ಮುಖ್ಯ ಆಕರ ಥ್ಯೂಸಿಡಿಡೀಸ್ ಬರೆದ ಇತಿಹಾಸ. ಅವನು ಅಥೆನ್ಸಿನವನು, ಯುದ್ಧದ ಕಾಲದಲ್ಲೇ ಬದುಕಿದ್ದವನು, ಸ್ವತಃ ಸೇನಾನಾಯಕನಾಗಿದ್ದವನು. ಅವನ ಕೃತಿಯ ಪೂರ್ಣ ಅನುವಾದವನ್ನೇ ತೆಗೆದುಕೊಳ್ಳಿ, ಸಂಕ್ಷಿಪ್ತ ಆವೃತ್ತಿ ಬೇಡ. ಸಂಕ್ಷೇಪಿಸುವವರು ಮೊದಲು ಕತ್ತರಿಸುವುದು ಭಾಷಣಗಳನ್ನು ಅಥವಾ ಸಣ್ಣ ಊರುಗಳ ಕಥೆಗಳನ್ನು, ಮತ್ತು ಈ ಕೃತಿಯ ಜೀವ ಇರುವುದು ಅಲ್ಲಿಯೇ. ನೀವು ಯಾವ ಭಾಷೆಯ ಅನುವಾದವನ್ನು ಓದಿದರೂ ಪುಟದ ಅಂಚಿನಲ್ಲಿ ಭಾಗ ಮತ್ತು ಅಧ್ಯಾಯಗಳ ಸಂಖ್ಯೆ ಇದೆಯೇ ಎಂದು ನೋಡಿಕೊಳ್ಳಿ. ಕೃತಿ ಎಂಟು ಭಾಗಗಳಲ್ಲಿದೆ; 3.36 ಎಂದರೆ ಮೂರನೆಯ ಭಾಗದ 36ನೆಯ ಅಧ್ಯಾಯ. ಈ ಸಂಖ್ಯೆಗಳು ಎಲ್ಲ ಅನುವಾದಗಳಲ್ಲೂ ಒಂದೇ ಆಗಿರುವುದರಿಂದ ಕೆಳಗೆ ಅವನ್ನೇ ಬಳಸಿದ್ದೇನೆ.

ಇದರ ಜೊತೆಗೆ ಗೋಡೆಗೆ ಅಂಟಿಸಬಹುದಾದ ಗಾತ್ರದ ಗ್ರೀಸ್ ಮತ್ತು ಈಜಿಯನ್ ಸಮುದ್ರದ ನಕ್ಷೆ ಒಂದು, ಸಿಸಿಲಿ ದ್ವೀಪದ ನಕ್ಷೆ ಇನ್ನೊಂದು, ಮತ್ತು ಇನ್ನೂರು ಪುಟದ ನೋಟ್‌ಬುಕ್ ಬೇಕು. ನೋಟ್‌ಬುಕ್ಕನ್ನು ವ್ಯಕ್ತಿಗಳು, ಊರುಗಳು, ತೀರ್ಮಾನಗಳು, ಹಣ ಎಂದು ನಾಲ್ಕು ಭಾಗ ಮಾಡಿ. ಊರುಗಳ ಭಾಗಕ್ಕೆ ಹೆಚ್ಚು ಪುಟ ಬಿಡಿ. ಕೊನೆಯ ಹಂತದಲ್ಲಿ ಅದೇ ನಿಮ್ಮ ಪರೀಕ್ಷೆಯಾಗುತ್ತದೆ. ದಿನಕ್ಕೆ ಅರ್ಧ ಗಂಟೆಯಂತೆ ಓದಿದರೆ ಮೂರು ತಿಂಗಳು ಹಿಡಿಯಬಹುದು. ಅವಸರ ಮಾಡುವ ಅಗತ್ಯವಿಲ್ಲ.

ಹಂತ 1: ನಕ್ಷೆಯಲ್ಲಿ ಐದು ಜಾಗಗಳನ್ನು ಗುರುತಿಸಿ

ಮೊದಲು ಅಥೆನ್ಸ್ ಮತ್ತು ಅದರ ಬಂದರು ಪಿರೇಯಸ್. ಇವೆರಡನ್ನು ಜೋಡಿಸಿ ಸುಮಾರು ಆರು ಕಿಲೋಮೀಟರ್ ಉದ್ದದ ಗೋಡೆಗಳನ್ನು ಕಟ್ಟಲಾಗಿತ್ತು. ಇವುಗಳನ್ನು 'ಉದ್ದಗೋಡೆಗಳು' ಎಂದು ಕರೆಯುತ್ತಾರೆ. ಶತ್ರು ಸುತ್ತಲಿನ ಹೊಲಗಳನ್ನೆಲ್ಲ ಸುಟ್ಟರೂ ಗೋಡೆಗಳೊಳಗಿನ ಜನರಿಗೆ ಹಡಗಿನಲ್ಲಿ ಧಾನ್ಯ ಬರುತ್ತಿತ್ತು. ಎರಡನೆಯದು ಹೆಲೆಸ್ಪಾಂಟ್, ಅಂದರೆ ಇಂದಿನ ಟರ್ಕಿಯ ಡಾರ್ಡನೆಲ್ಸ್ ಜಲಸಂಧಿ. ಕಪ್ಪು ಸಮುದ್ರದ ಕಡೆಯಿಂದ ಅಥೆನ್ಸಿಗೆ ಬರುವ ಧಾನ್ಯಕ್ಕೆ ಅದೇ ದಾರಿ. ಯುದ್ಧ ಕೊನೆಗೆ ತೀರ್ಮಾನವಾದದ್ದೂ ಅಲ್ಲಿಯೇ ಎಂಬುದನ್ನು ಈಗಲೇ ಗಮನದಲ್ಲಿಡಿ.

ಮೂರನೆಯದು ಕಾರಿಂತ್ ಮತ್ತು ಅದರ ಪಕ್ಕದ ಇಕ್ಕಟ್ಟಾದ ಭೂಸಂಧಿ. ಅದರ ದಕ್ಷಿಣಕ್ಕಿರುವ ಪರ್ಯಾಯ ದ್ವೀಪವೇ ಪೆಲೊಪೊನೀಸ್; ಸ್ಪಾರ್ಟಾ ಇರುವುದು ಅದರೊಳಗೆ. ಯುದ್ಧಕ್ಕೆ ಅದರ ಹೆಸರು ಬಂದಿರುವುದು ನಾವು ಅದನ್ನು ಅಥೆನ್ಸಿನ ಕಡೆಯಿಂದ ನೋಡುತ್ತಿರುವುದರಿಂದ. ನಾಲ್ಕನೆಯದು ಪಶ್ಚಿಮ ಕರಾವಳಿಯ ಕೊರ್ಸೈರಾ ದ್ವೀಪ, ಐದನೆಯದು ಸಿಸಿಲಿಯ ಸಿರಾಕ್ಯೂಸ್. ಈ ಐದು ಕಣ್ಣಿಗೆ ಕಟ್ಟಿದರೆ ಉಳಿದ ಊರುಗಳನ್ನು ಅವುಗಳ ಆಸುಪಾಸಿನಲ್ಲಿ ಹುಡುಕಿಕೊಳ್ಳಬಹುದು.

ಸ್ಪಾರ್ಟಾ ನೆಲದ ಮೇಲೆ ಬಲಶಾಲಿ, ಅಥೆನ್ಸ್ ನೀರಿನ ಮೇಲೆ. ಗಜೇಂದ್ರನ ಕಥೆಯಲ್ಲಿ ಆನೆ ದಡಕ್ಕೂ ಮೊಸಳೆ ನೀರಿಗೂ ಎಳೆಯುವಂತೆ, ಎರಡೂ ಪಕ್ಷಗಳು ಎದುರಾಳಿಯನ್ನು ತಮ್ಮ ನೆಲೆಗೆ ಎಳೆಯಲು ವರ್ಷಗಟ್ಟಲೆ ಯತ್ನಿಸಿದವು. ಯುದ್ಧ ಇಷ್ಟು ದೀರ್ಘವಾದದ್ದಕ್ಕೆ ಇದು ಮೊದಲ ಕಾರಣ.

ಹಂತ 2: ಕೆಲವು ಪದಗಳನ್ನು ಅರ್ಥಮಾಡಿಕೊಳ್ಳಿ

'ಪೊಲಿಸ್' ಎಂದರೆ ನಗರರಾಜ್ಯ: ಒಂದು ಊರು, ಅದರ ಸುತ್ತಲಿನ ಹೊಲಗಳು, ತನ್ನದೇ ಕಾನೂನು, ತನ್ನದೇ ಸೈನ್ಯ. 'ಹಾಪ್ಲೈಟ್' ಎಂದರೆ ಗುಂಡನೆಯ ದೊಡ್ಡ ಗುರಾಣಿ ಮತ್ತು ಈಟಿ ಹಿಡಿದು ಸಾಲಿನಲ್ಲಿ ನಿಂತು ಹೋರಾಡುವ ಕಾಲಾಳು. 'ಟ್ರೈರೀಮ್' ಎಂದರೆ ಮೂರು ಅಂತಸ್ತಿನಲ್ಲಿ ಹುಟ್ಟುಗಾರರು ಕುಳಿತು ನಡೆಸುವ ಯುದ್ಧನೌಕೆ. ಅದರಲ್ಲಿ 170 ಹುಟ್ಟುಗಾರರು ಸೇರಿ ಸುಮಾರು 200 ಜನ ಇರುತ್ತಿದ್ದರು. 'ಹೆಲಟ್' ಎಂದರೆ ಸ್ಪಾರ್ಟಾದ ಹೊಲಗಳಲ್ಲಿ ದುಡಿಯಬೇಕಾಗಿದ್ದ ಪರಾಧೀನ ಜನ. ಅವರು ಸ್ಪಾರ್ಟಾದ ನಾಗರಿಕರಿಗಿಂತ ಬಹಳ ಹೆಚ್ಚಿನ ಸಂಖ್ಯೆಯಲ್ಲಿದ್ದರು, ಮತ್ತು ಅವರು ದಂಗೆ ಏಳಬಹುದೆಂಬ ಭಯ ಸ್ಪಾರ್ಟಾದ ಹೆಚ್ಚಿನ ತೀರ್ಮಾನಗಳ ಹಿಂದೆ ಇತ್ತು. 'ಎಫೋರ್' ಎಂದರೆ ಸ್ಪಾರ್ಟಾದಲ್ಲಿ ಪ್ರತಿ ವರ್ಷ ಆಯ್ಕೆಯಾಗುತ್ತಿದ್ದ ಐವರು ಅಧಿಕಾರಿಗಳಲ್ಲಿ ಒಬ್ಬ. 'ಎಕ್ಲೀಸಿಯಾ' ಎಂದರೆ ಅಥೆನ್ಸಿನ ನಾಗರಿಕರ ಸಭೆ. 'ಸ್ಟಾಸಿಸ್' ಎಂದರೆ ಒಂದೇ ಊರಿನೊಳಗೆ ಬಣಗಳು ಒಬ್ಬರನ್ನೊಬ್ಬರು ಕೊಲ್ಲುವ ಮಟ್ಟದ ಅಂತಃಕಲಹ.

ಇಲ್ಲಿ ಓದುಗರು ಹೆಚ್ಚಾಗಿ ಎಡವುವುದು ಮೂರು ಕಡೆ. ಮೂಲದಲ್ಲಿ ಸ್ಪಾರ್ಟಾದವರನ್ನು ಬಹಳ ಸಲ 'ಲ್ಯಾಸಿಡಿಮೋನಿಯನ್ನರು' ಎಂದು ಕರೆಯಲಾಗಿದೆ. ಅವರು ಬೇರೊಂದು ಪಕ್ಷವಲ್ಲ. ಇಲ್ಲಿನ ಸೇನಾನಾಯಕ ಡೆಮಾಸ್ತನೀಸ್ ಮುಂದಿನ ಶತಮಾನದ ಪ್ರಸಿದ್ಧ ಭಾಷಣಕಾರ ಡೆಮಾಸ್ತನೀಸ್ ಅಲ್ಲ. ಯುದ್ಧ ಶುರುವಾದಾಗ ಅಥೆನ್ಸಿನ ಮುಖ್ಯ ನಾಯಕನಾಗಿದ್ದ ಪೆರಿಕ್ಲೀಸನ ರಾಜಕೀಯ ಎದುರಾಳಿಯಾಗಿದ್ದ ಇನ್ನೊಬ್ಬ ಥ್ಯೂಸಿಡಿಡೀಸ್ ಕೂಡ ಇದ್ದ. ನಮ್ಮ ಇತಿಹಾಸಕಾರ ಓಲೋರಸ್‌ನ ಮಗ. ಕನ್ನಡದಲ್ಲಿ ಈ ಹೆಸರುಗಳನ್ನು ಒಬ್ಬೊಬ್ಬರು ಒಂದೊಂದು ರೀತಿ ಬರೆಯುತ್ತಾರೆ, ಹಾಗಾಗಿ ನೋಟ್‌ಬುಕ್ಕಿನಲ್ಲಿ ಮೊದಲ ದಿನವೇ ಒಂದು ರೂಪವನ್ನು ಆರಿಸಿಕೊಂಡು ಕೊನೆಯವರೆಗೆ ಅದನ್ನೇ ಬಳಸಿ.

ಹಂತ 3: ಕಾಲವನ್ನು ಬೇಸಿಗೆ ಮತ್ತು ಚಳಿಗಾಲಗಳಲ್ಲಿ ಲೆಕ್ಕ ಹಾಕಿ

ಕ್ರಿ.ಪೂ. ವರ್ಷಗಳು ಇಳಿಯುತ್ತಾ ಹೋಗುತ್ತವೆ. 431 ಮೊದಲು, 404 ಕೊನೆ. ಇದು ಗೊತ್ತಿದ್ದೂ ಓದುವಾಗ ತಪ್ಪುವ ಲೆಕ್ಕ. ಅಥೆನ್ಸಿನ ವರ್ಷ ನಡುಬೇಸಿಗೆಯಲ್ಲಿ ಆರಂಭವಾಗುತ್ತಿದ್ದುದರಿಂದ ಪುಸ್ತಕಗಳಲ್ಲಿ 416/415 ಎಂಬಂಥ ಜೋಡಿ ವರ್ಷಗಳನ್ನೂ ಕಾಣುತ್ತೀರಿ.

ಆಗಿನ ಗ್ರೀಸಿನಲ್ಲಿ ಎಲ್ಲರಿಗೂ ಒಪ್ಪಿತವಾದ ಒಂದು ಶಕೆ ಇರಲಿಲ್ಲ. ಯುದ್ಧ ಯಾವಾಗ ಶುರುವಾಯಿತು ಎಂದು ಹೇಳಲು ಥ್ಯೂಸಿಡಿಡೀಸ್ ಆರ್ಗಾಸ್ ಊರಿನಲ್ಲಿ ಕ್ರೈಸಿಸ್ ಎಂಬಾಕೆ ಅರ್ಚಕಿಯಾಗಿ 48 ವರ್ಷವಾಗಿತ್ತೆಂದೂ, ಸ್ಪಾರ್ಟಾದಲ್ಲಿ ಎಫೋರ್ ಯಾರಿದ್ದನೆಂದೂ, ಅಥೆನ್ಸಿನಲ್ಲಿ ಅಧಿಕಾರಿ ಯಾರಿದ್ದನೆಂದೂ ಒಟ್ಟಿಗೆ ಹೇಳಬೇಕಾಯಿತು (2.2). ಅಲ್ಲಿಂದ ಮುಂದೆ ಅವನು ಯುದ್ಧದ ಮೊದಲ ವರ್ಷ, ಎರಡನೆಯ ವರ್ಷ ಎಂದು ಎಣಿಸಿ, ಪ್ರತಿ ವರ್ಷವನ್ನೂ ಬೇಸಿಗೆ ಮತ್ತು ಚಳಿಗಾಲಗಳಾಗಿ ಒಡೆಯುತ್ತಾನೆ. ನೀವೂ ನೋಟ್‌ಬುಕ್ಕಿನಲ್ಲಿ ಹಾಗೆಯೇ ಮಾಡಿ. ಅದೇ ಕ್ರೈಸಿಸ್ ನಾಲ್ಕನೆಯ ಭಾಗದ ಕೊನೆಯ ಹತ್ತಿರ ಮತ್ತೆ ಬರುತ್ತಾಳೆ (4.133): ಹೂಮಾಲೆಗಳ ಪಕ್ಕದಲ್ಲಿ ದೀಪವಿಟ್ಟು ನಿದ್ದೆಹೋಗುತ್ತಾಳೆ, ದೇವಾಲಯ ಸುಟ್ಟುಹೋಗುತ್ತದೆ, ಆಕೆ ಹೆದರಿ ರಾತ್ರೋರಾತ್ರಿ ಓಡಿಹೋಗುತ್ತಾಳೆ. ಆಕೆಯ ಹೆಸರನ್ನು ಬರೆದಿಟ್ಟುಕೊಂಡವರಿಗೆ ಮಾತ್ರ ಆ ಎರಡು ಸಾಲು ಏನೆಂದು ತಿಳಿಯುತ್ತದೆ.

ಇಡೀ ಯುದ್ಧವನ್ನು ನಾಲ್ಕು ತುಂಡು ಮಾಡಿಕೊಳ್ಳಿ. 431ರಿಂದ 421ರವರೆಗೆ ಮೊದಲ ಹತ್ತು ವರ್ಷ. 421ರಿಂದ ಅಥೆನ್ಸಿನ ಸೇನಾನಾಯಕ ನೀಸಿಯಸ್‌ನ ಹೆಸರಿನ ಒಪ್ಪಂದ ತಂದ, ಬಿರುಕು ಬಿಟ್ಟ ಶಾಂತಿ. 415ರಿಂದ 413ರವರೆಗೆ ಸಿಸಿಲಿ ದಂಡಯಾತ್ರೆ. 413ರಿಂದ 404ರವರೆಗೆ ಪರ್ಷಿಯದ ಹಣ ಹರಿದುಬಂದ ಕೊನೆಯ ಹೋರಾಟ. ಐವತ್ತು ವರ್ಷಕ್ಕೆಂದು ಮಾಡಿಕೊಂಡ ಆ ಶಾಂತಿ ಒಪ್ಪಂದವನ್ನು ಶಾಂತಿಯೆಂದು ಎಣಿಸಬಾರದು, ಇದೆಲ್ಲ ಒಂದೇ ಯುದ್ಧ ಎಂದು ಥ್ಯೂಸಿಡಿಡೀಸ್ 5.26ರಲ್ಲಿ ವಾದಿಸುತ್ತಾನೆ. ನಾವು '27 ವರ್ಷಗಳ ಯುದ್ಧ' ಎಂದು ಹೇಳುವುದೇ ಅವನ ಆ ವಾದವನ್ನು ಒಪ್ಪಿಕೊಂಡು.

ಹಂತ 4: ಮೊದಲ ಭಾಗವನ್ನು ಕ್ರಮ ಬದಲಿಸಿ ಓದಿ

ಹೆಚ್ಚಿನವರು ಕೈಬಿಡುವುದು ಮೊದಲ ಭಾಗದಲ್ಲೇ, ಏಕೆಂದರೆ ಆರಂಭದ ಇಪ್ಪತ್ತು ಅಧ್ಯಾಯಗಳಲ್ಲಿ ಟ್ರಾಯ್ ಕಾಲದ ಹಳೆಯ ಗ್ರೀಸಿನ ವಿಚಾರವಿದೆ. ಅದನ್ನು ಸದ್ಯಕ್ಕೆ ಬದಿಗಿಡಿ. 1.1 ಓದಿ, ನೇರವಾಗಿ 1.20ರಿಂದ 1.23ಕ್ಕೆ ಹೋಗಿ, ತಾನು ಹೇಗೆ ಬರೆಯುತ್ತೇನೆಂದು ಲೇಖಕ ಅಲ್ಲಿ ಹೇಳುತ್ತಾನೆ. ಅನಂತರ 1.89ರಿಂದ 1.118ರವರೆಗೆ ಓದಿ. ಪರ್ಷಿಯನ್ನರನ್ನು ಸೋಲಿಸಿದ ಮೇಲೆ 478ರ ಹೊತ್ತಿಗೆ ಅಥೆನ್ಸಿನ ನಾಯಕತ್ವದಲ್ಲಿ ಒಂದು ಮೈತ್ರಿಕೂಟ ಹುಟ್ಟಿತು. ಅದರ ಬೊಕ್ಕಸ ಡೀಲಾಸ್ ದ್ವೀಪದಲ್ಲಿತ್ತು. ಮಿತ್ರರು ಕೊಡುತ್ತಿದ್ದ ವಂತಿಗೆ ಬರಬರುತ್ತಾ ಕಪ್ಪವಾಯಿತು, ಕೂಟ ಬಿಟ್ಟುಹೋಗಲು ನೋಡಿದ ಊರುಗಳನ್ನು ಅಥೆನ್ಸ್ ಬಗ್ಗುಬಡಿಯಿತು, 454ರ ಹೊತ್ತಿಗೆ ಬೊಕ್ಕಸವೂ ಅಥೆನ್ಸಿಗೆ ಬಂತು. ಈ ಹಿನ್ನೆಲೆ ಗೊತ್ತಾದ ಮೇಲೆ 1.24ಕ್ಕೆ ಹಿಂತಿರುಗಿ ಎಪಿಡಾಮ್ನಸ್, ಕೊರ್ಸೈರಾ, ಪೊಟಿಡೀಯ ಊರುಗಳ ಮೇಲಿನ ಜಗಳಗಳನ್ನು ಓದಿದರೆ ಕಾರಿಂತ್‌ನವರ ಸಿಟ್ಟು ಅರ್ಥವಾಗುತ್ತದೆ.

ಯುದ್ಧದ ಅತ್ಯಂತ ನಿಜವಾದ ಕಾರಣ ಅಥೆನ್ಸಿನ ಬೆಳವಣಿಗೆ ಮತ್ತು ಅದು ಸ್ಪಾರ್ಟಾದಲ್ಲಿ ಹುಟ್ಟಿಸಿದ ಭಯ ಎಂಬ ಪ್ರಸಿದ್ಧ ವಾಕ್ಯ 1.23ರಲ್ಲಿದೆ. ಅಮೆರಿಕ ಮತ್ತು ಚೀನಾಗಳ ಬಗ್ಗೆ ಬರೆಯುವವರು ಇದನ್ನು 'ಥ್ಯೂಸಿಡಿಡೀಸನ ಬಲೆ' ಎಂದು ಕರೆಯುವುದನ್ನು ನೀವು ಪತ್ರಿಕೆಗಳಲ್ಲಿ ನೋಡಿರಬಹುದು. ಆ ಒಂದು ವಾಕ್ಯವನ್ನು ಹಿಡಿದು ಯುದ್ಧ ಅನಿವಾರ್ಯವಾಗಿತ್ತು ಎಂಬ ತೀರ್ಮಾನಕ್ಕೆ ಬರಬೇಡಿ. ಅದೇ ಭಾಗದ 1.80ರಿಂದ 1.87ರವರೆಗೆ ಸ್ಪಾರ್ಟಾದ ಸಭೆಯ ವರ್ಣನೆಯಿದೆ. ವಯಸ್ಸಾದ ಅರಸ ಆರ್ಕಿಡೇಮಸ್ ಕಾಯೋಣ, ಹಣ ಮತ್ತು ಹಡಗು ಕೂಡಿಸೋಣ, ಈ ಯುದ್ಧವನ್ನು ನಾವು ನಮ್ಮ ಮಕ್ಕಳಿಗೂ ಬಿಟ್ಟುಹೋಗಬೇಕಾದೀತು ಎಂದು ಎಚ್ಚರಿಸುತ್ತಾನೆ. ಎಫೋರ್ ಸ್ಥೆನೆಲೈಡಸ್ ನಾಲ್ಕು ಮಾತಿನಲ್ಲಿ ಯುದ್ಧ ಬೇಕೆನ್ನುತ್ತಾನೆ. ಅಲ್ಲಿ ಮತವೆಂದರೆ ಕೂಗು. ಯಾವ ಕೂಗು ಜೋರೆಂದು ತನಗೆ ತಿಳಿಯುತ್ತಿಲ್ಲವೆಂದು ಹೇಳಿ ಸ್ಥೆನೆಲೈಡಸ್ ಜನರನ್ನು ಎರಡು ಗುಂಪಾಗಿ ಎದ್ದು ನಿಲ್ಲಿಸುತ್ತಾನೆ, ಯುದ್ಧ ಬೇಡವೆನ್ನುವವರು ಎಲ್ಲರ ಕಣ್ಣಿಗೆ ಬೀಳುವ ಹಾಗೆ. ಇದನ್ನು ತೀರ್ಮಾನಗಳ ಪುಟದಲ್ಲಿ ಮೊದಲ ನಮೂದಾಗಿ ಬರೆಯಿರಿ.

ಹಂತ 5: ಭಾಷಣವನ್ನು ಅದರ ಬೆನ್ನಿಗಿರುವ ಘಟನೆಯ ಜೊತೆಗೇ ಓದಿ

ಇಡೀ ಓದಿನಲ್ಲಿ ಅತಿ ಮುಖ್ಯವಾದ ಹಂತ ಇದು. ಭಾಷಣಗಳನ್ನು ಅಕ್ಷರಶಃ ನೆನಪಿಡುವುದು ತನಗೂ ತನಗೆ ತಿಳಿಸಿದವರಿಗೂ ಕಷ್ಟವಾಗಿತ್ತು, ಆದ್ದರಿಂದ ನಿಜವಾಗಿ ಆಡಿದ ಮಾತಿನ ಒಟ್ಟು ಆಶಯಕ್ಕೆ ಸಾಧ್ಯವಾದಷ್ಟು ಹತ್ತಿರ ನಿಂತು, ಆಯಾ ಸಂದರ್ಭಕ್ಕೆ ತಕ್ಕುದೆಂದು ತೋರಿದ್ದನ್ನು ಬರೆದಿದ್ದೇನೆ ಎಂದು ಥ್ಯೂಸಿಡಿಡೀಸ್ 1.22ರಲ್ಲಿ ಒಪ್ಪಿಕೊಳ್ಳುತ್ತಾನೆ. ಆದ್ದರಿಂದ ಭಾಷಣಗಳನ್ನು ಧ್ವನಿಮುದ್ರಿಕೆಯಂತೆ ನಂಬಬೇಡಿ, ಕಟ್ಟುಕಥೆಯೆಂದು ತಳ್ಳಿಯೂ ಹಾಕಬೇಡಿ. ಅವನು ಅವುಗಳನ್ನು ಎಲ್ಲಿ ಇಟ್ಟಿದ್ದಾನೆ ಎಂಬುದನ್ನು ಗಮನಿಸಿ.

ಉದಾಹರಣೆಗೆ, ಮೊದಲ ವರ್ಷ ಮಡಿದವರ ಅಂತ್ಯಕ್ರಿಯೆಯಲ್ಲಿ ಪೆರಿಕ್ಲೀಸ್ ಮಾಡಿದ ಭಾಷಣ (2.35ರಿಂದ 2.46) ಪ್ರಜಾಪ್ರಭುತ್ವದ ಹೊಗಳಿಕೆಯಾಗಿ ಪಠ್ಯಗಳಲ್ಲಿ ಪ್ರತ್ಯೇಕವಾಗಿ ಸಿಗುತ್ತದೆ. ಹಾಗೆ ಪ್ರತ್ಯೇಕವಾಗಿ ಓದಬೇಡಿ. ಭಾಷಣ ಮುಗಿದ ಮರುಸಾಲಿನಲ್ಲೇ 430ರ ಸಾಂಕ್ರಾಮಿಕ ರೋಗದ ವರ್ಣನೆ ಆರಂಭವಾಗುತ್ತದೆ (2.47ರಿಂದ 2.54). ಹಳ್ಳಿಗಳಿಂದ ಬಂದು ಗೋಡೆಗಳೊಳಗೆ ತುಂಬಿಕೊಂಡಿದ್ದ ಜನ ಉಸಿರುಗಟ್ಟಿಸುವ ಗುಡಿಸಲುಗಳಲ್ಲಿ ಸಾಯುತ್ತಾರೆ, ಬೇರೆಯವರ ಚಿತೆಯ ಮೇಲೆ ತಮ್ಮ ಶವವನ್ನು ಎಸೆದು ಹೋಗುತ್ತಾರೆ. ಥ್ಯೂಸಿಡಿಡೀಸನಿಗೂ ಆ ರೋಗ ಬಂದು ವಾಸಿಯಾಗಿತ್ತು. ಮರುವರ್ಷ ಪೆರಿಕ್ಲೀಸನೂ ತೀರಿಕೊಂಡ. ಭಾಷಣದಲ್ಲಿ ಬಣ್ಣಿಸಿದ ಊರಿನ ಪಕ್ಕದಲ್ಲೇ ರೋಗದ ಊರನ್ನು ಇಟ್ಟದ್ದು ಲೇಖಕನ ಉದ್ದೇಶಪೂರ್ವಕ ಜೋಡಣೆ ಎಂದೇ ನಾನು ತಿಳಿಯುತ್ತೇನೆ.

ನಿಮಗೆ ಒಂದೇ ಒಂದು ಪ್ರಕರಣ ಓದಲು ಸಮಯವಿದ್ದರೆ 3.36ರಿಂದ 3.50ರವರೆಗಿನ ಮಿಟಿಲೀನಿ ಪ್ರಕರಣವನ್ನು ಓದಿ. ಲೆಸ್ಬಾಸ್ ದ್ವೀಪದ ಈ ಊರು 428ರಲ್ಲಿ ಅಥೆನ್ಸಿನ ವಿರುದ್ಧ ಬಂಡೆದ್ದು ಮರುವರ್ಷ ಶರಣಾಯಿತು. ಊರಿನ ವಯಸ್ಕ ಗಂಡಸರನ್ನೆಲ್ಲ ಕೊಲ್ಲಬೇಕು, ಹೆಂಗಸರು ಮತ್ತು ಮಕ್ಕಳನ್ನು ಗುಲಾಮರನ್ನಾಗಿ ಮಾಡಬೇಕು ಎಂದು ಅಥೆನ್ಸಿನ ಸಭೆ ಸಿಟ್ಟಿನಲ್ಲಿ ತೀರ್ಮಾನಿಸಿ ಅಂದೇ ಒಂದು ಟ್ರೈರೀಮನ್ನು ಆಜ್ಞೆಯೊಂದಿಗೆ ಕಳುಹಿಸಿತು. ಮರುದಿನ ಜನರ ಮನಸ್ಸು ಕಲಕಿ ಸಭೆ ಮತ್ತೆ ಸೇರಿತು. ತೀರ್ಮಾನ ಬದಲಿಸಬಾರದೆಂದು ಸಭೆಯ ಪ್ರಭಾವಿ ಮಾತುಗಾರ ಕ್ಲಿಯಾನ್ ವಾದಿಸಿದ. ಡಯೊಡೋಟಸ್ ಎಂಬವನು ಎದ್ದು, ಕರುಣೆಯ ಮಾತನ್ನೇ ಎತ್ತದೆ, ಮರಣದಂಡನೆಯಿಂದ ಬಂಡಾಯ ನಿಲ್ಲುವುದಿಲ್ಲ, ಬಂಡೆದ್ದವರಿಗೆ ಹಿಂತಿರುಗುವ ದಾರಿ ಮುಚ್ಚಿದರೆ ನಷ್ಟ ನಮಗೇ ಎಂದು ಲಾಭನಷ್ಟದ ಲೆಕ್ಕ ಮುಂದಿಟ್ಟ. ಎತ್ತಿದ ಕೈಗಳು ಹೆಚ್ಚುಕಡಿಮೆ ಸಮಸಮವಾಗಿದ್ದವು, ಡಯೊಡೋಟಸ್ ಗೆದ್ದ.

ಮೊದಲ ಹಡಗು ಹೊರಟು ಒಂದು ಹಗಲು ಒಂದು ರಾತ್ರಿ ಆಗಿತ್ತು. ಎರಡನೆಯ ಹಡಗಿನ ಹುಟ್ಟುಗಾರರು ದ್ರಾಕ್ಷಾರಸ ಮತ್ತು ಎಣ್ಣೆಯಲ್ಲಿ ಕಲಸಿದ ಬಾರ್ಲಿ ಹಿಟ್ಟನ್ನು ತಿನ್ನುತ್ತಲೇ ಹುಟ್ಟು ಹಾಕಿದರು, ಸರದಿಯ ಮೇಲೆ ಮಲಗಿದರು. ಎದುರುಗಾಳಿ ಬೀಸಲಿಲ್ಲ. ಮೊದಲ ಹಡಗಿನವರು ಆ ಘೋರ ಆಜ್ಞೆ ಹೊತ್ತು ಅವಸರ ಮಾಡಿರಲಿಲ್ಲ. ಮಿಟಿಲೀನಿಯಲ್ಲಿ ಸೇನಾನಾಯಕ ಪ್ಯಾಕೀಸ್ ಆಜ್ಞೆಯನ್ನು ಓದಿ ಮುಗಿಸಿ ಜಾರಿಗೆ ತರಲು ಹೊರಟಿದ್ದಾಗ ಎರಡನೆಯ ಹಡಗು ದಡ ಮುಟ್ಟಿತು. ಇಲ್ಲಿಗೇ ಪುಸ್ತಕ ಮುಚ್ಚಿದರೆ ದೊಡ್ಡ ತಪ್ಪಾಗುತ್ತದೆ. ಮುಂದಿನ ಅಧ್ಯಾಯದಲ್ಲೇ, ಬಂಡಾಯದ ಮುಖ್ಯ ಹೊಣೆಗಾರರೆಂದು ಅಥೆನ್ಸಿಗೆ ಕಳುಹಿಸಲಾಗಿದ್ದ ಸಾವಿರಕ್ಕೂ ಹೆಚ್ಚು ಜನರನ್ನು ಕ್ಲಿಯಾನನ ಸೂಚನೆಯಂತೆ ಕೊಲ್ಲಲಾಯಿತು ಎಂದಿದೆ. ಊರುಗಳ ಪುಟದಲ್ಲಿ ಎರಡನ್ನೂ ಬರೆಯಿರಿ.

ಹಂತ 6: ಹಣದ ಲೆಕ್ಕ ಇಡಿ

ಗ್ರೀಕರ ನಾಣ್ಯದಲ್ಲಿ 6 ಓಬೊಲ್ ಸೇರಿದರೆ 1 ಡ್ರಾಕ್ಮಾ, 6,000 ಡ್ರಾಕ್ಮಾ ಸೇರಿದರೆ 1 ಟ್ಯಾಲೆಂಟ್. ತೂಕದಲ್ಲಿ ಇದು ಸುಮಾರು 26 ಕಿಲೋ ಬೆಳ್ಳಿ. ಒಬ್ಬ ಹುಟ್ಟುಗಾರನಿಗೆ ದಿನಕ್ಕೆ 1 ಡ್ರಾಕ್ಮಾ ಎಂದು ಹಿಡಿದರೆ 200 ಜನರ ಹಡಗಿಗೆ 30 ದಿನಕ್ಕೆ ಸರಿಯಾಗಿ 1 ಟ್ಯಾಲೆಂಟ್ ಆಗುತ್ತದೆ. ಮುಂದೆ ಸಿಸಿಲಿಯ ಎಜೆಸ್ಟಾದವರು 60 ಹಡಗಿಗೆ ಒಂದು ತಿಂಗಳ ಸಂಬಳವೆಂದು 60 ಟ್ಯಾಲೆಂಟ್ ಬೆಳ್ಳಿ ತಂದದ್ದು ಇದೇ ಲೆಕ್ಕದಲ್ಲಿ (6.8).

ಈಗ 2.13 ತೆರೆಯಿರಿ. ಯುದ್ಧ ಶುರುವಾಗುವಾಗ ಮಿತ್ರರಿಂದ ವರ್ಷಕ್ಕೆ ಸುಮಾರು 600 ಟ್ಯಾಲೆಂಟ್ ಬರುತ್ತದೆ, ಅಕ್ರೊಪೊಲಿಸ್ ಗುಡ್ಡದ ಮೇಲೆ 6,000 ಟ್ಯಾಲೆಂಟ್ ನಾಣ್ಯ ಕೂಡಿಟ್ಟಿದೆ, ಸಿದ್ಧವಾಗಿರುವ ಟ್ರೈರೀಮ್‌ಗಳು 300 ಎಂದು ಪೆರಿಕ್ಲೀಸ್ ಜನರಿಗೆ ಹೇಳುತ್ತಾನೆ. ನೀವೇ ಗುಣಿಸಿ ನೋಡಿ: 100 ಹಡಗುಗಳನ್ನು ಎಂಟು ತಿಂಗಳು ಸಮುದ್ರದಲ್ಲಿಟ್ಟರೆ ಸಂಬಳಕ್ಕೇ 800 ಟ್ಯಾಲೆಂಟ್ ಬೇಕು. ಪೊಟಿಡೀಯ ಎಂಬ ಒಂದೇ ಊರಿನ ಮುತ್ತಿಗೆಗೆ 2,000 ಟ್ಯಾಲೆಂಟ್ ಖರ್ಚಾಯಿತು (2.70). 428ರಲ್ಲಿ ಅಥೆನ್ಸ್ ತನ್ನ ನಾಗರಿಕರ ಮೇಲೆಯೇ 200 ಟ್ಯಾಲೆಂಟ್ ತೆರಿಗೆ ಹಾಕಬೇಕಾಯಿತು (3.19). ಕೋಟೆಯೊಳಗೆ ಕುಳಿತು ಕಾಯುವ ಪೆರಿಕ್ಲೀಸನ ಯೋಜನೆಗೆ ಎಷ್ಟು ವರ್ಷ ಆಯುಸ್ಸಿತ್ತು ಎಂಬುದು ಈ ಪುಟದಿಂದಲೇ ನಿಮಗೆ ತಿಳಿಯುತ್ತದೆ, ಮಿತ್ರರ ಕಪ್ಪವನ್ನು ಬಿಗಿಹಿಡಿಯಲು ಅಥೆನ್ಸ್ ಅಷ್ಟು ಕ್ರೂರವಾದದ್ದು ಏಕೆಂಬುದೂ ತಿಳಿಯುತ್ತದೆ.

ಹಂತ 7: ಆರು ಮತ್ತು ಏಳನೆಯ ಭಾಗಗಳನ್ನು ಬಿಡುವಿಲ್ಲದೆ ಓದಿ

ಐದನೆಯ ಭಾಗದ ಒಪ್ಪಂದಗಳ ಪಠ್ಯ ನೀರಸವಾಗಿ ಕಂಡರೆ ಹೆಸರುಗಳನ್ನು ಮಾತ್ರ ಬರೆದುಕೊಂಡು ಬೇಗ ದಾಟಿ. ಆದರೆ ಅದರ ಕೊನೆಯಲ್ಲಿರುವ ಮೀಲಾಸ್ ದ್ವೀಪದ ಸಂವಾದವನ್ನು (5.84ರಿಂದ 5.116) ನಿಧಾನವಾಗಿ ಓದಬೇಕು. ಯಾವ ಪಕ್ಷಕ್ಕೂ ಸೇರದೆ ಇರಲು ಬಿಡಿ ಎಂದು ಬೇಡಿದ ಸಣ್ಣ ದ್ವೀಪಕ್ಕೆ, ಬಲವಿದ್ದವರು ತಮಗಾದದ್ದನ್ನು ಮಾಡುತ್ತಾರೆ, ಇಲ್ಲದವರು ಒಪ್ಪಿಕೊಳ್ಳುತ್ತಾರೆ ಎಂದು ಅಥೆನ್ಸಿನ ದೂತರು ಉತ್ತರಿಸುತ್ತಾರೆ. ರಾಜ್ಯಶಾಸ್ತ್ರದ ತರಗತಿಗಳಲ್ಲಿ ಇದನ್ನು ಥ್ಯೂಸಿಡಿಡೀಸನ ಸಿದ್ಧಾಂತವೆಂದೇ ಹೇಳಿಕೊಡುವುದುಂಟು. ಅದು ಅಥೆನ್ಸಿನ ದೂತರ ಬಾಯಲ್ಲಿ ಬಂದ ಮಾತು ಎಂಬುದನ್ನು ಮರೆಯಬೇಡಿ. ಮೀಲಾಸ್‌ನ ಗಂಡಸರನ್ನು ಕೊಂದ ಸಾಲು ಮುಗಿದು ಆರನೆಯ ಭಾಗ ತೆರೆದರೆ, ಅದೇ ಚಳಿಗಾಲದಲ್ಲಿ ಅಥೆನ್ಸಿನವರು ಸಿಸಿಲಿಯನ್ನು ಗೆಲ್ಲಲು ಮನಸ್ಸು ಮಾಡಿದರು, ಆ ದ್ವೀಪದ ಗಾತ್ರವಾಗಲಿ ಜನಸಂಖ್ಯೆಯಾಗಲಿ ಅವರಲ್ಲಿ ಹೆಚ್ಚಿನವರಿಗೆ ತಿಳಿದಿರಲಿಲ್ಲ ಎಂದಿದೆ.

ಇಲ್ಲಿಂದ ಮುಂದೆ ನಿಲ್ಲಿಸಬೇಡಿ. ದಂಡಯಾತ್ರೆ ಬೇಡವೆಂದ ನೀಸಿಯಸ್, ಖರ್ಚು ಕೇಳಿ ಜನ ಹಿಂಜರಿಯಲಿ ಎಂದು ದೊಡ್ಡ ಸೈನ್ಯದ ಅಗತ್ಯವನ್ನು ವಿವರಿಸುತ್ತಾನೆ. ಜನ ಹುರುಪಿನಿಂದ ಅಷ್ಟನ್ನೂ ಮಂಜೂರು ಮಾಡುತ್ತಾರೆ. ಒಲ್ಲದವನನ್ನೇ ನಾಯಕರಲ್ಲಿ ಒಬ್ಬನನ್ನಾಗಿ ಕಳುಹಿಸುತ್ತಾರೆ. ಉತ್ಸಾಹದಿಂದ ಹೊರಟ ಇನ್ನೊಬ್ಬ ನಾಯಕ ಆಲ್ಸಿಬಯಾಡೀಸನನ್ನು ಧರ್ಮನಿಂದೆಯ ಆರೋಪದ ಮೇಲೆ ವಾಪಸ್ ಕರೆಸುತ್ತಾರೆ, ಅವನು ತಪ್ಪಿಸಿಕೊಂಡು ಸ್ಪಾರ್ಟಾ ಸೇರುತ್ತಾನೆ. ಮೊದಲು ಹೋದ ನೌಕಾಪಡೆಯಲ್ಲಿ 134 ಟ್ರೈರೀಮ್‌ಗಳಿದ್ದವು (6.43), ಅದು ಸಾಲದೆ ಸುಮಾರು 73 ಹಡಗುಗಳ ಇನ್ನೊಂದು ಪಡೆ ಹೋಯಿತು (7.42). ಹಿಂತಿರುಗಲು ಎಲ್ಲವೂ ಸಿದ್ಧವಾಗಿದ್ದ ರಾತ್ರಿ, 413ರ ಆಗಸ್ಟ್ 27ರಂದು, ಚಂದ್ರಗ್ರಹಣವಾಯಿತು. ಕಣಿ ಹೇಳುವವರ ಮಾತಿನಂತೆ ಮೂರು ಒಂಬತ್ತು, ಅಂದರೆ 27 ದಿನ ಕಳೆಯುವವರೆಗೆ ಹೊರಡುವ ಮಾತೇ ಬೇಡವೆಂದು ನೀಸಿಯಸ್ ಪಟ್ಟು ಹಿಡಿದ (7.50). ಆ ಅವಧಿಯಲ್ಲಿ ಸಿರಾಕ್ಯೂಸ್‌ನವರು ಬಂದರಿನ ಬಾಯಿ ಮುಚ್ಚಿದರು. ಸೆರೆ ಸಿಕ್ಕ 7,000ಕ್ಕೆ ಕಡಿಮೆಯಿಲ್ಲದ ಜನರನ್ನು ಸಿರಾಕ್ಯೂಸ್‌ನ ಕಲ್ಲುಗಣಿಗಳಿಗೆ ಇಳಿಸಿದರು, ಮಾಡು ಇರಲಿಲ್ಲ, ಹಗಲು ಬಿಸಿಲು, ರಾತ್ರಿ ಚಳಿ, ಸತ್ತವರ ರಾಶಿಯ ಪಕ್ಕದಲ್ಲೇ ಬದುಕಿದ್ದವರು (7.87).

ಎಚ್ಚರಿಕೆಯೊಂದಿದೆ. ಸೋಲಿಗೆ ಗ್ರಹಣವನ್ನೋ ನೀಸಿಯಸನನ್ನೋ ಮಾತ್ರ ಹೊಣೆ ಮಾಡಬೇಡಿ. ತಪ್ಪು ಶತ್ರುವಿನ ಬಲವನ್ನು ಅಂದಾಜು ಮಾಡಿದ್ದರಲ್ಲಿ ಅಷ್ಟಾಗಿ ಇರಲಿಲ್ಲ, ಊರಿನಲ್ಲಿ ಕುಳಿತವರು ತಮ್ಮ ಜಗಳದಲ್ಲಿ ಮುಳುಗಿ ಹೊರಗೆ ಹೋದವರಿಗೆ ಬೇಕಾದ ತೀರ್ಮಾನಗಳನ್ನು ತೆಗೆದುಕೊಳ್ಳದೆ ಇದ್ದುದರಲ್ಲಿತ್ತು ಎಂದು ಲೇಖಕ ಬಹಳ ಹಿಂದೆಯೇ, 2.65ರಲ್ಲಿ, ಹೇಳಿದ್ದಾನೆ. ಇದನ್ನು 6.1ರ ಜೊತೆ ಇಟ್ಟು ನೋಡಿ. ಎರಡೂ ಸರಿಯಾಗಿ ಹೊಂದುವುದಿಲ್ಲ ಎಂದೇ ನನಗೆ ಅನ್ನಿಸುತ್ತದೆ, ಮತ್ತು ಅವನೂ ತನ್ನ ಅಭಿಪ್ರಾಯವನ್ನು ವರ್ಷಗಳ ನಂತರ ತಿದ್ದಿಕೊಂಡಿರಬಹುದೆಂಬ ಸಂಶಯಕ್ಕೆ ಇದು ಜಾಗ ಕೊಡುತ್ತದೆ.

ಹಂತ 8: ಸಾಕ್ಷಿಗಳನ್ನು ಒಬ್ಬರ ಪಕ್ಕದಲ್ಲಿ ಒಬ್ಬರನ್ನು ನಿಲ್ಲಿಸಿ

ಸ್ಪಾರ್ಟಾದವರು ಮುತ್ತಿಗೆ ಹಾಕಿದ್ದ ಪ್ಲಟೀಯ ಊರಿನ ಜನ ಶತ್ರುಗಳು ಕಟ್ಟಿದ ಗೋಡೆ ಹತ್ತಿ ತಪ್ಪಿಸಿಕೊಳ್ಳಲು ಏಣಿ ಮಾಡಬೇಕಾಗಿತ್ತು. ಗೋಡೆಯ ಎತ್ತರ ತಿಳಿಯಲು ಅವರು ದೂರದಿಂದಲೇ ಇಟ್ಟಿಗೆಯ ವರಸೆಗಳನ್ನು ಎಣಿಸಿದರು. ಒಬ್ಬನಲ್ಲ, ಹಲವರು ಏಕಕಾಲಕ್ಕೆ, ಮತ್ತೆ ಮತ್ತೆ ಎಣಿಸಿದರು, ಕೆಲವರು ತಪ್ಪಿದರೂ ಹೆಚ್ಚಿನವರ ಎಣಿಕೆ ಸರಿಯಿರುತ್ತದೆ ಎಂಬ ನಂಬಿಕೆಯಿಂದ (3.20). ಈ ಯುದ್ಧವನ್ನು ಓದುವವರೂ ಹಾಗೆಯೇ ಎಣಿಸಬೇಕು.

ಥ್ಯೂಸಿಡಿಡೀಸ್ ಎಷ್ಟೇ ಎಚ್ಚರದವನಾದರೂ ಒಬ್ಬನೇ ಸಾಕ್ಷಿ. 424ರ ಚಳಿಗಾಲದಲ್ಲಿ ಸ್ಪಾರ್ಟಾದ ಬ್ರಾಸಿಡಾಸ್ ಆಂಫಿಪೊಲಿಸ್ ಊರನ್ನು ಹಿಡಿಯುವ ಮೊದಲು ಅಲ್ಲಿಗೆ ತಲುಪಲಾಗದೆ ಹೋದದ್ದಕ್ಕೆ ಅವನು 20 ವರ್ಷ ದೇಶಭ್ರಷ್ಟನಾಗಬೇಕಾಯಿತು. ಆ ಕಾರಣದಿಂದ ಎರಡೂ ಪಕ್ಷಗಳವರನ್ನು ಕಂಡು ಮಾತನಾಡಲು ಸಾಧ್ಯವಾಯಿತೆಂದು ಅವನೇ ಹೇಳುತ್ತಾನೆ. ಕ್ಲಿಯಾನನ ವಿಷಯ ಬಂದಾಗ ಅವನ ಧ್ವನಿ ಕಹಿಯಾಗುತ್ತದೆ. ಅಲ್ಲಿ ಘಟನೆಯನ್ನು ಮತ್ತು ವಿಶೇಷಣವನ್ನು ಬೇರೆ ಬೇರೆ ಬರೆದುಕೊಳ್ಳಿ. ಅದೇ ಕಾಲದ ಹಾಸ್ಯ ನಾಟಕಕಾರ ಅರಿಸ್ಟಾಫನೀಸ್‌ನಿಂದ ಬೇಸತ್ತ ರೈತರ ಮಾತು ಕೇಳುತ್ತದೆ, ಆದರೆ ಅವನೂ ಕ್ಲಿಯಾನನ ಬದ್ಧ ವಿರೋಧಿ. ಮಿತ್ರರ ಕಪ್ಪದಲ್ಲಿ ಅಥೀನಾ ದೇವಿಗೆ ಸಂದ ಅರವತ್ತನೆಯ ಒಂದು ಪಾಲನ್ನು ಊರೂರಿನ ಹೆಸರಿನೊಂದಿಗೆ ಕೊರೆದ ಶಿಲಾಶಾಸನಗಳು ಅಥೆನ್ಸಿನಲ್ಲಿ ಸಿಕ್ಕಿವೆ. ಶಾಸನಗಳ ನಾಡಿನವರಾದ ನಮಗೆ ಅವುಗಳ ಬೆಲೆ ವಿವರಿಸಬೇಕಾಗಿಲ್ಲ. ಪ್ಲುಟಾರ್ಕ್ ಬರೆದ ಪೆರಿಕ್ಲೀಸ್, ನೀಸಿಯಸ್, ಆಲ್ಸಿಬಯಾಡೀಸ್ ಮತ್ತು ಲೈಸಾಂಡರ್ ಚರಿತ್ರೆಗಳು ರುಚಿಕರವಾಗಿವೆ. ಅವನು ಬರೆದದ್ದು ಯುದ್ಧ ಮುಗಿದು ಸುಮಾರು 500 ವರ್ಷಗಳ ನಂತರ ಎಂಬುದನ್ನು ಪುಟದ ಮೇಲೆಯೇ ಬರೆದಿಡಿ. ಸ್ಪಾರ್ಟಾದವರೇ ಬರೆದ ಇತಿಹಾಸ ನಮಗೆ ದೊರೆತಿಲ್ಲ. ಹೆಲಟ್‌ಗಳ ಮಾತೂ ಇಲ್ಲ. 413ರಲ್ಲಿ ಸ್ಪಾರ್ಟಾ ಅಥೆನ್ಸಿನ ಹತ್ತಿರದ ಡೆಸಿಲೀಯದಲ್ಲಿ ಕೋಟೆ ಕಟ್ಟಿ ಕುಳಿತ ಮೇಲೆ ಅಥೆನ್ಸಿನಿಂದ ಓಡಿಹೋದ 20,000ಕ್ಕೂ ಹೆಚ್ಚು ಗುಲಾಮರು ನಮಗೆ ಒಂದು ಸಂಖ್ಯೆಯಾಗಿ ಮಾತ್ರ ಉಳಿದಿದ್ದಾರೆ (7.27).

ಹಂತ 9: ಪುಸ್ತಕ ನಿಂತಲ್ಲಿ ನೀವು ನಿಲ್ಲಬೇಡಿ

ಎಂಟನೆಯ ಭಾಗ 411ರ ಘಟನೆಗಳ ನಡುವೆ ಥಟ್ಟನೆ ನಿಂತುಹೋಗುತ್ತದೆ. ನಿಮ್ಮ ಪ್ರತಿಯಲ್ಲಿ ಪುಟ ಹರಿದಿಲ್ಲ, ಕೃತಿಯೇ ಅಪೂರ್ಣ. ಉಳಿದ ಏಳು ವರ್ಷಗಳಿಗೆ ಜೆನೊಫೊನ್ ಬರೆದ 'ಹೆಲೆನಿಕಾ' ಗ್ರಂಥದ ಮೊದಲ ಎರಡು ಭಾಗಗಳನ್ನು ತೆಗೆದುಕೊಳ್ಳಿ. ಹಳೆಯ ಲೇಖಕನ ಬಿಗಿ ಇಲ್ಲಿಲ್ಲ, ವರ್ಷಗಳ ಲೆಕ್ಕವೂ ಅಲ್ಲಲ್ಲಿ ಸಡಿಲ, ಮತ್ತು ಜೆನೊಫೊನ್ ಸ್ಪಾರ್ಟಾದ ಬಗ್ಗೆ ಮೆದು ಮನಸ್ಸಿನವನು.

ಇಲ್ಲಿ ಹಣದ ಪುಟವನ್ನು ಮತ್ತೆ ತೆರೆಯಿರಿ. ಪರ್ಷಿಯದ ರಾಜಕುಮಾರ ಸೈರಸ್ ಸ್ಪಾರ್ಟಾದ ನೌಕಾನಾಯಕ ಲೈಸಾಂಡರನಿಗೆ ಮೆಚ್ಚಿ, ಹುಟ್ಟುಗಾರರ ದಿನಗೂಲಿಯನ್ನು 3 ಓಬೊಲ್‌ನಿಂದ 4 ಓಬೊಲ್‌ಗೆ ಏರಿಸುತ್ತಾನೆ (ಹೆಲೆನಿಕಾ 1.5). ಒಂದು ಓಬೊಲ್ ಎಂದರೆ ಡ್ರಾಕ್ಮಾದ ಆರನೆಯ ಒಂದು ಭಾಗ. ಆದರೂ ಕೂಲಿಗೆ ದುಡಿಯುವ ಹುಟ್ಟುಗಾರ ಯಾರ ಹಡಗು ಹತ್ತಬೇಕೆಂದು ನಿರ್ಧರಿಸಲು ಅಷ್ಟು ಸಾಕಿತ್ತು. ತೀರ್ಮಾನಗಳ ಪುಟಕ್ಕೆ 406ರ ಆರ್ಗಿನೂಸಿ ಪ್ರಕರಣವನ್ನು ಸೇರಿಸಿ. ಅಥೆನ್ಸಿನ ನಾಯಕರು ಸಮುದ್ರಯುದ್ಧ ಗೆದ್ದರು, ಆದರೆ ಬಿರುಗಾಳಿಯಲ್ಲಿ ಮುಳುಗುತ್ತಿದ್ದ ತಮ್ಮವರನ್ನು ಎತ್ತಿಕೊಳ್ಳಲಾಗಲಿಲ್ಲ. ಸಭೆ ಅವರೆಲ್ಲರಿಗೂ ಒಂದೇ ಮತದಲ್ಲಿ ಮರಣದಂಡನೆ ವಿಧಿಸಿ, ಕೈಗೆ ಸಿಕ್ಕ ಆರು ಜನರನ್ನು ಕೊಂದಿತು. ಇದು ಕಾನೂನಿಗೆ ವಿರುದ್ಧವೆಂದು ಆ ದಿನ ಅಧಿಕಾರ ಸ್ಥಾನದಲ್ಲಿದ್ದು ಒಪ್ಪದೆ ನಿಂತವನು ಸಾಕ್ರಟೀಸ್. ಮರುವರ್ಷ, 405ರಲ್ಲಿ, ಹೆಲೆಸ್ಪಾಂಟಿನ ಈಗೊಸ್ಪೊಟಮಿ ಎಂಬ ದಡದಲ್ಲಿ ಅಥೆನ್ಸಿನವರು ಊಟದ ಸಾಮಾನು ತರಲು ಚದುರಿಹೋಗಿದ್ದಾಗ ಲೈಸಾಂಡರ್ ಅವರ ನೌಕಾಪಡೆಯನ್ನು ಹೆಚ್ಚುಕಡಿಮೆ ಪೂರ್ತಿಯಾಗಿ ವಶಪಡಿಸಿಕೊಂಡ. ಧಾನ್ಯದ ದಾರಿ ಮುಚ್ಚಿತು. 404ರಲ್ಲಿ ಉದ್ದಗೋಡೆಗಳನ್ನು ಕೊಳಲಿನ ಸಂಗೀತದೊಂದಿಗೆ ಕೆಡವಿದರು.

ಹಂತ 10: ನಿಮ್ಮ ಓದನ್ನು ನೀವೇ ಪರೀಕ್ಷಿಸಿ

ಜೆನೊಫೊನನ ಎರಡನೆಯ ಭಾಗದ ಎರಡನೆಯ ಅಧ್ಯಾಯದ ಆರಂಭವನ್ನು ನಕ್ಷೆ ಮತ್ತು ನೋಟ್‌ಬುಕ್ ಮುಂದಿಟ್ಟುಕೊಂಡು ಓದಿ. ಸೋಲಿನ ಸುದ್ದಿ ಹೊತ್ತ ಪಾರಲಸ್ ಎಂಬ ಹಡಗು ರಾತ್ರಿ ಪಿರೇಯಸ್ ಬಂದರಿಗೆ ಬರುತ್ತದೆ. ಒಬ್ಬರಿಂದ ಒಬ್ಬರಿಗೆ ಸುದ್ದಿ ದಾಟುತ್ತಾ, ಗೋಳಾಟ ಉದ್ದಗೋಡೆಗಳ ನಡುವಿನಿಂದ ಊರಿನವರೆಗೆ ಹರಿಯುತ್ತದೆ. ಆ ರಾತ್ರಿ ಯಾರೂ ನಿದ್ದೆ ಮಾಡಲಿಲ್ಲ. ಸತ್ತವರಿಗಾಗಿ ಮಾತ್ರವಲ್ಲ, ತಾವು ಬೇರೆಯವರಿಗೆ ಮಾಡಿದ್ದೇ ಈಗ ತಮಗೂ ಆಗುತ್ತದೆಂದು ಅವರು ಅತ್ತರು. ಅಲ್ಲಿ ಜೆನೊಫೊನ್ ಕೆಲವು ಊರುಗಳ ಹೆಸರು ಹೇಳುತ್ತಾನೆ: ಮೀಲಾಸ್, ಹಿಸ್ಟೀಯ, ಸೈಓನಿ, ಟೊರೋನಿ, ಈಜೈನಾ.

ಈ ಐದೂ ನಿಮ್ಮ ಊರುಗಳ ಪುಟದಲ್ಲಿ ಇರಬೇಕು. ಯಾವುದಾದರೂ ಇಲ್ಲದಿದ್ದರೆ ಹಿಂತಿರುಗಿ ಹುಡುಕಿ. ಹಿಸ್ಟೀಯ 1.114ರಲ್ಲಿದೆ, ಜನರನ್ನು ಹೊರಹಾಕಿ ಅಥೆನ್ಸಿನವರು ತಾವೇ ನೆಲೆಸಿದ ಊರು. ಈಜೈನಾ 2.27ರಲ್ಲಿದೆ, ಹೆಂಗಸರು ಮಕ್ಕಳ ಸಮೇತ ದ್ವೀಪದಿಂದ ಅಟ್ಟಲ್ಪಟ್ಟ ಅದೇ ಜನ 4.57ರಲ್ಲಿ ಸೆರೆ ಸಿಕ್ಕು ಕೊಲ್ಲಲ್ಪಡುತ್ತಾರೆ. ಟೊರೋನಿ 5.3ರಲ್ಲಿ, ಸೈಓನಿ 5.32ರಲ್ಲಿ ಒಂದೇ ವಾಕ್ಯವಾಗಿ, ಮೀಲಾಸ್ 5.116ರಲ್ಲಿ. ಸೈಓನಿಯ ಆ ಒಂದು ವಾಕ್ಯವನ್ನು ಮೊದಲ ಓದಿನಲ್ಲಿ ಬಹುತೇಕ ಎಲ್ಲರೂ ದಾಟಿಹೋಗಿರುತ್ತಾರೆ.